ನಿಮ್ಹಾನ್ಸ್ ಮಾದರಿ ಬೇಕಿದ್ದರೆ ಬಳ್ಳಾರಿಗೆ ಹೋಗಿ ಬನ್ನಿ

ಥಾಣೆಯ ಮಾನಸಿಕ ಆಸ್ಪತ್ರೆ ಈಚೆಗೆ ಸುದ್ದಿಯಾಗುವುದು ಮೂರೇ ಕಾರಣಕ್ಕೆ: ಜಾಗ, ಸ್ಟೇಷನ್, ಮರ. ಥಾಣೆ ಮತ್ತು ಮುಲುಂಡ್ ನಡುವೆ ಹೊಸ ಲೋಕಲ್ ಸ್ಟೇಷನ್ ಕಟ್ಟಲು ಆಸ್ಪತ್ರೆಯ ಜಮೀನು ಬೇಕಾಯಿತು. ಅದನ್ನು ಬೇರೆ ಕೆಲಸಕ್ಕೆ ಕೊಡಕೂಡದೆಂಬ ಹಳೆಯ ಆದೇಶವನ್ನು ಬಾಂಬೆ ಹೈಕೋರ್ಟ್ 2023ರಲ್ಲಿ ಸಡಿಲಿಸಿತು. ಉಳಿದ ಜಾಗದಲ್ಲಿ 1901ರ ಆಸ್ಪತ್ರೆಯನ್ನು ಹೊಸದಾಗಿ ಕಟ್ಟುವ ಯೋಜನೆಯಿದೆ. ಅದಕ್ಕಾಗಿ ಮರ ಉರುಳಿಸಬೇಡಿ ಎಂದು ಥಾಣೆಯ ಕೆಲವರು ಜಗಳಕ್ಕೆ ನಿಂತಿದ್ದಾರೆ. ನಿಲ್ಲಲಿ, ಮರದ ಪರ ನಿಲ್ಲುವವರು ಈ ಊರಲ್ಲಿ ಇನ್ನೂ ಉಳಿದಿದ್ದಾರಲ್ಲ! ಆದರೆ ಇಷ್ಟೆಲ್ಲ ಗದ್ದಲದಲ್ಲಿ ಕಲ್ಯಾಣದ, ಡೊಂಬಿವಲಿಯ, ಐರೋಲಿಯ ರೋಗಿಗೆ ಇದರಿಂದ ಏನು ಸಿಗುತ್ತದೆ ಎಂದು ಕೇಳುವವರು ಕಾಣುತ್ತಿಲ್ಲ.

ಮಹಾರಾಷ್ಟ್ರ ಸರ್ಕಾರದ ಉತ್ತರ ಸಿದ್ಧವಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮಾದರಿಯಲ್ಲಿ ಥಾಣೆಯ ಆಸ್ಪತ್ರೆಯನ್ನು ಕಟ್ಟುತ್ತೇವೆ, ಹಾಸಿಗೆಗಳ ಸಂಖ್ಯೆ ಮೂರು ಸಾವಿರ ದಾಟುತ್ತದೆ ಎನ್ನುತ್ತದೆ ಅದು. ಕನ್ನಡಿಗರಾದ ನಾವು ಹೆಮ್ಮೆಯಿಂದ ತಲೆಯಾಡಿಸಿದೆವು. ಆದರೆ ಲೆಕ್ಕ ಯಾರೂ ನೋಡಿದಂತಿಲ್ಲ. ಥಾಣೆಯ ಆಸ್ಪತ್ರೆಯಲ್ಲಿ ಈಗಲೇ ಮಂಜೂರಾದ ಹಾಸಿಗೆಗಳು 1,850. ನರರೋಗದ ವಾರ್ಡುಗಳನ್ನೂ ಸೇರಿಸಿದರೆ ನಿಮ್ಹಾನ್ಸಿನಲ್ಲಿರುವುದು ಸುಮಾರು ಸಾವಿರ. ಅಂದರೆ ಯಾರನ್ನು ನೋಡಿ ಕಲಿಯಲು ಹೊರಟಿದ್ದಾರೋ ಅವರಿಗಿಂತ ಹೆಚ್ಚು ಹಾಸಿಗೆ ಥಾಣೆಯಲ್ಲಿ ಆಗಲೇ ಇವೆ. ಹಾಸಿಗೆಯಿಂದಲೇ ಕೆಲಸ ಆಗುವುದಿದ್ದರೆ ಬೆಂಗಳೂರಿನವರು ಥಾಣೆಗೆ ಬಂದು ಕಲಿಯಬೇಕಿತ್ತು.

ಹಳೆಯ ಮಾನಸಿಕ ಆಸ್ಪತ್ರೆಯೂ ಕೇಂದ್ರ ಸರ್ಕಾರದ ಅಧ್ಯಯನ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆದದ್ದು 1974ರ ಡಿಸೆಂಬರ್ ಕೊನೆಯಲ್ಲಿ. ಮರುವರ್ಷವೇ ಅಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ಶುರುವಾಯಿತು. ಡಾಕ್ಟರರು ಹೊಸೂರು ರಸ್ತೆಯ ಕಾಂಪೌಂಡ್ ದಾಟಿ ಸಕಲವಾರದ ಹಳ್ಳಿಗಳಿಗೆ ಹೋದರು. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ಎಂಬಿಬಿಎಸ್ ವೈದ್ಯರಿಗೂ ಅಲ್ಲಿ ತರಬೇತಿ ಕೊಟ್ಟು ನೋಡಿದರು. ಆಮೇಲೆ 1985ರ ಹೊತ್ತಿಗೆ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನೇ ಜಾರಿಗೆ ತಂದರು. ತಾಲ್ಲೂಕಿನ ಮಾಮೂಲಿ ಡಾಕ್ಟರೇ ಮೂರ್ಛೆರೋಗ, ಖಿನ್ನತೆ, ಚಿತ್ತವಿಕಲತೆಯವರನ್ನು ಗುರುತಿಸಿ ನಾಲ್ಕಾರು ಬಗೆಯ ಅಗ್ಗದ ಮಾತ್ರೆಗಳಲ್ಲಿ ಚಿಕಿತ್ಸೆ ಶುರುಮಾಡುವುದು, ಕೈಮೀರಿದವರನ್ನು ಮಾತ್ರ ಜಿಲ್ಲಾಸ್ಪತ್ರೆಗೆ ಕಳಿಸುವುದು, ಮಾತ್ರೆ ನಿಲ್ಲಿಸಿದವರ ಮನೆಗೆ ಕಾರ್ಯಕರ್ತೆ ಹೋಗಿ ಬರುವುದು, ಇಷ್ಟೇ ಏರ್ಪಾಡು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಾಗ ಕಣ್ಣಮುಂದೆ ಇಟ್ಟುಕೊಂಡದ್ದು ಬಳ್ಳಾರಿಯನ್ನೇ. ಮುಂದೆ ತೀರ್ಥಹಳ್ಳಿಯಲ್ಲಿ, ತುರುವೇಕೆರೆಯಲ್ಲಿ ನಿಮ್ಹಾನ್ಸಿನವರು ಮನೆಮನೆಯ ಕೆಲಸ ಮುಂದುವರಿಸಿದರು. ಕರ್ನಾಟಕ ಸರ್ಕಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ತೆರೆಯಿತು.

ಬಳ್ಳಾರಿಯಲ್ಲೂ ಎಲ್ಲವೂ ಸುಸೂತ್ರವಾಗಿ ನಡೆಯಲಿಲ್ಲ. ಯೋಜನೆಯ ತಂಡ ಹಿಂದೆ ಸರಿದ ಮೇಲೆ ಬಿಸಿ ಆರಿತು, ದೇಶದ ಹಲವು ಜಿಲ್ಲೆಗಳಲ್ಲಿ ಆ ಕಾರ್ಯಕ್ರಮ ಕಾಗದದ ಮೇಲೇ ಉಳಿಯಿತು ಎಂಬ ಟೀಕೆ ಹಳೆಯದು, ನಿಜವೂ ಹೌದು. ಆದರೆ ನಡೆದಷ್ಟು ದಿನ ಅದು ಒಂದು ವಿಷಯವನ್ನಂತೂ ತೋರಿಸಿಕೊಟ್ಟಿತು: ಮನೋವೈದ್ಯರು ಸಾಲದ ನಾಡಿನಲ್ಲೂ ರೋಗಿಯ ಹತ್ತಿರ ಚಿಕಿತ್ಸೆ ಒಯ್ಯಬಹುದು. ಆಗಿನ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಇಪ್ಪತ್ತು ಲಕ್ಷದ ಒಳಗೆ. 2011ರ ಜನಗಣತಿಯಲ್ಲಿ ಕಲ್ಯಾಣ್-ಡೊಂಬಿವಲಿ ಪಾಲಿಕೆಯೊಂದರಲ್ಲೇ 12 ಲಕ್ಷಕ್ಕೂ ಹೆಚ್ಚು ಜನರಿದ್ದರು. ಬಸ್ಸೇ ಹೋಗದ ಹಳ್ಳಿಗಳಲ್ಲಿ ಆದದ್ದು ಮೂರು ನಿಮಿಷಕ್ಕೊಂದು ಲೋಕಲ್ ಓಡುವ ಊರಲ್ಲಿ ಆಗುವುದಿಲ್ಲವೆಂದರೆ ನಾನು ನಂಬುವುದಿಲ್ಲ.

ದೊಡ್ಡ ಆಸ್ಪತ್ರೆಯನ್ನಷ್ಟೇ ನೆಚ್ಚಿಕೊಂಡರೆ ಏನಾಗುತ್ತದೆಂದು ಥಾಣೆಯೇ ಹೇಳುತ್ತದೆ. ಮನೋವೈದ್ಯ ಡಾ. ಹರೀಶ್ ಶೆಟ್ಟಿ ಅವರು ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2022ರಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಬಂತು. ಅದರ ಮೂಲದಲ್ಲಿದ್ದದ್ದು ಮನೆಗೆ ಕಳಿಸಬಹುದಾದ ಸ್ಥಿತಿಯಲ್ಲಿದ್ದೂ ಸುಮಾರು ಹನ್ನೆರಡು ವರ್ಷ ಥಾಣೆಯ ಆಸ್ಪತ್ರೆಯಲ್ಲೇ ಉಳಿದುಹೋದ ಒಬ್ಬ ಹೆಂಗಸಿನ ಕಥೆ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ಏನು ಮಾಡುತ್ತಿದೆ ಎಂದು ಕೋರ್ಟ್ ಕೇಳಬೇಕಾಯಿತು. ಆಕೆಗೆ ಕಡಿಮೆಯಾಗಿದ್ದದ್ದು ಹಾಸಿಗೆಯಲ್ಲ; ಅದು ಹನ್ನೆರಡು ವರ್ಷವೂ ಇತ್ತು. ಹೊರಗೆ ಬಂದರೆ ಕಾಲೂರಲು ಜಾಗ, ವಾರಕ್ಕೊಮ್ಮೆ ವಿಚಾರಿಸಿಕೊಳ್ಳುವ ಒಬ್ಬ ಸಮಾಜ ಕಾರ್ಯಕರ್ತೆ, ಹತ್ತಿರದಲ್ಲೊಂದು ಓಪಿಡಿ ಇವು ಇರಲಿಲ್ಲ. ಮೂರು ಸಾವಿರ ಹಾಸಿಗೆ ಹಾಕಿ, ಹೊರಗಿನ ಈ ಮೂರನ್ನು ಮರೆತರೆ, ಇಂಥ ಹನ್ನೆರಡು ವರ್ಷಗಳು ಇನ್ನೆಷ್ಟು ಮಂದಿಗೆ ಕಾದಿವೆಯೋ.

ಕಾನೂನು ಬೇರೆಯೇ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ಚಿಕಿತ್ಸೆಗಾಗಿ ಯಾರೂ ದೂರ ಅಲೆಯಬೇಕಾಗಬಾರದು, ಹೊರರೋಗಿ ಸೇವೆ, ಹಾಫ್‌ವೇ ಹೋಮ್, ಮನೆಯಲ್ಲೇ ಪುನರ್ವಸತಿ ಎಲ್ಲವೂ ಇರಬೇಕು ಎಂದು ಅದರ 18ನೇ ಕಲಂ ಹೇಳುತ್ತದೆ. ಅವಶ್ಯಕ ಔಷಧಿಗಳ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಸದಾಕಾಲ ಪುಕ್ಕಟೆ ಸಿಗಬೇಕು. ಕುಡಿತ ಮತ್ತು ಮಾದಕವಸ್ತುಗಳ ಚಟದಿಂದ ಬರುವ ತೊಂದರೆಗಳೂ ಈ ಕಾಯ್ದೆಯ ಪ್ರಕಾರ ಮಾನಸಿಕ ಅಸ್ವಸ್ಥತೆಯೇ.

ಈಗ ಡೊಂಬಿವಲಿ ಪೂರ್ವದ ಒಂದು ಮನೆ ಎಂದುಕೊಳ್ಳಿ. ಯಜಮಾನ ಅಂಧೇರಿಯ ಹೋಟೆಲಿನಲ್ಲಿ ಕೌಂಟರಿಗೆ ಕೂರುವವನು. ಬೆಳಿಗ್ಗೆ ಆರೂವರೆಯ ಲೋಕಲ್ ಹಿಡಿದರೆ ಮನೆ ಸೇರುವುದು ರಾತ್ರಿ ಹತ್ತಕ್ಕೆ, ಜೇಬಿನಲ್ಲೊಂದು ಕ್ವಾರ್ಟರ್ ಸಮೇತ. ಬಿಡುತ್ತೇನೆಂದು ಎರಡು ದಿನ ಬಿಟ್ಟರೆ ಕೈ ನಡುಗುತ್ತದೆ, ಬೆವರು ಕಿತ್ತುಬರುತ್ತದೆ, ಮೂರನೆಯ ರಾತ್ರಿ ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ. ಮನೆಯವರು ಗಾಬರಿಯಾಗಿ ತಾವೇ ಬಾಟಲಿ ತರಿಸಿ ಕುಡಿಸುತ್ತಾರೆ. ಚಿಕಿತ್ಸೆ ಬೇಕೆಂದರೆ ಸರ್ಕಾರಿ ಓಪಿಡಿಯ ಕೇಸ್ ಪೇಪರ್ ಕೊಡುವುದು ಬೆಳಿಗ್ಗೆ. ಅವನಿಗೂ ಜೊತೆಗೆ ಬರುವವರಿಗೂ ಅಂದಿನ ಕೆಲಸ ಖಾಡಾ, ಪಗಾರ ಕಟ್. ಒಂದು ಸಲವಾದರೆ ಹೇಗೋ ಹೋದಾರು, ಹದಿನೈದು ದಿನಕ್ಕೊಮ್ಮೆ ಹೋಗುವವರು ಯಾರು? ಆಗ ಯಾರೋ ಪುಣ್ಯಾತ್ಮರು ಹೆಂಡತಿಯ ಕೈಗೆ 'ಬಿಡಿಸುವ ಮಾತ್ರೆ' ಕೊಡುತ್ತಾರೆ; ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸು ಎನ್ನುತ್ತಾರೆ. ಅದು ಡೈಸಲ್ಫಿರಾಂ. ತಿಂದವನು ಅರಿಯದೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು, ಡಾಕ್ಟರರ ಕಣ್ಣಳತೆಯಲ್ಲಿ ಕೊಡಬೇಕಾದ ಔಷಧಿ ಅಡುಗೆಮನೆಗೆ ಕಳ್ಳದಾರಿಯಲ್ಲಿ ಬರುವುದು ಹತ್ತಿರದಲ್ಲಿ ಕ್ಲಿನಿಕ್ ಇಲ್ಲದ್ದಕ್ಕೆ.

ಕುಡಿತ ಬಿಡುವಾಗಿನ ನಡುಕ, ನಿದ್ದೆಗೇಡುಗಳನ್ನು ಬಹಳಷ್ಟು ಮಂದಿಗೆ ಆಸ್ಪತ್ರೆಗೆ ಸೇರಿಸದೆಯೇ ಮಾತ್ರೆ ಮತ್ತು ಥಯಾಮಿನ್ ಕೊಟ್ಟು, ದಿನ ಬಿಟ್ಟು ದಿನ ನೋಡಿ ನಿಭಾಯಿಸಬಹುದು. ಫಿಟ್ಸ್ ಬಂದವರು, ಸನ್ನಿ ಹಿಡಿದವರು ಮಾತ್ರ ಒಳರೋಗಿಗಳಾಗಬೇಕು. ಅದರ ನಂತರದ್ದೇ ನಿಜವಾದ ಕೆಲಸ: ಆರು ತಿಂಗಳು, ವರ್ಷ ಕೈಬಿಡದ ಫಾಲೋಅಪ್. ಪಕ್ಕದ ಗೋವಾದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಜನರೇ ನಾಲ್ಕು ಭೇಟಿಯೊಳಗೆ ಕುಡುಕರೊಂದಿಗೆ ಕೂತು ಮಾತಾಡಿದ್ದರ ಫಲವನ್ನು ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದೆ. ಅದು ಕೆಲಸ ಮಾಡಿತ್ತು. ಇಷ್ಟಿದ್ದೂ 2019ರ ರಾಷ್ಟ್ರೀಯ ಸಮೀಕ್ಷೆ ಹೇಳಿದ್ದೇನು? ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ನಿಮ್ಹಾನ್ಸ್ ನಡೆಸಿದ 2015–16ರ ಸಮೀಕ್ಷೆಯಲ್ಲೂ ಕುಡಿತದ ತೊಂದರೆಯಿರುವವರಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇಕಡಾ 86.

ಚಿಕಿತ್ಸೆ ಸಿಗದ ಆ ಖಾಲಿ ಜಾಗವನ್ನು ತುಂಬಿದವರು ಯಾರು? ಒಳ್ಳೆಯವರು ಕೆಲವರಿದ್ದಾರೆ. ಥಾಣೆಯಲ್ಲಿ 1990ರಲ್ಲಿ ಡಾ. ಆನಂದ ನಾಡಕರ್ಣಿ ಕಟ್ಟಿದ ಮಾನಸಿಕ ಆರೋಗ್ಯ ಸಂಸ್ಥೆ ಐಪಿಎಚ್, ಬಾಂದ್ರಾದಲ್ಲಿ 1981ರಿಂದ ಫಾದರ್ ಜೋ ಪಿರೇರಾ ಅವರ ವ್ಯಸನಮುಕ್ತಿ ಸಂಸ್ಥೆ ಕೃಪಾ, ಕರ್ಜತ್‌ನಲ್ಲಿ ಬೀದಿಪಾಲಾದ ಅಸ್ವಸ್ಥರನ್ನು ಗುಣಪಡಿಸಿ ಊರಿಗೆ ಮುಟ್ಟಿಸುವ, 2018ರಲ್ಲಿ ಮ್ಯಾಗ್ಸೆಸೆ ಪಡೆದ ಡಾ. ಭರತ್ ವಾಟ್ವಾನಿ. ಇವರೆಲ್ಲ ಮಾಡಿದ್ದು ದೊಡ್ಡ ಕೆಲಸ. ಆದರೆ ನಾಲ್ಕು ಜನ ಸಜ್ಜನರು ದುಡಿಯುತ್ತಾರೆಂದು ಪಾಲಿಕೆಗಳು ಕೈಕಟ್ಟಿ ಕೂರುವುದು ಯಾವ ನ್ಯಾಯ? ಜೊತೆಗೆ ಇನ್ನೊಂದು ಬಗೆಯ ಅಂಗಡಿಗಳೂ ಹುಟ್ಟಿಕೊಂಡಿವೆ. ಊರಾಚೆ ಬಂಗಲೆ ಬಾಡಿಗೆಗೆ ಹಿಡಿದು 'ರಿಹ್ಯಾಬ್' ಬೋರ್ಡ್ ಹಾಕುವುದು. ಮನೆಯವರು ಫೋನ್ ಮಾಡಿದರೆ ಗಾಡಿಯಲ್ಲಿ ನಾಲ್ಕು ಪೈಲ್ವಾನರು ಬಂದು ಮಲಗಿದ್ದವನನ್ನು ಎತ್ತಿಕೊಂಡು ಹೋಗುವುದು. ಇದಕ್ಕೆ 'ಪಿಕಪ್' ಎನ್ನುತ್ತಾರೆ, ಅದಕ್ಕೆ ಬೇರೆ ಚಾರ್ಜು. ಕಾಯ್ದೆಯ ಪ್ರಕಾರ ಇಂಥ ಕೇಂದ್ರ ನೋಂದಣಿಯಾಗಿರಬೇಕು, ಒಪ್ಪಿಗೆಯಿಲ್ಲದ ದಾಖಲಾತಿಗೆ ವೈದ್ಯಕೀಯ ತಪಾಸಣೆಯೂ ಕಾಲಮಿತಿಯೂ ಬೇಕು. ಪೈಲ್ವಾನರು ಕಾಯ್ದೆ ಓದಿರುವುದಿಲ್ಲ. ಮೂರು ತಿಂಗಳು ಕಳೆದು ಹೊರಬಂದವನು ಅದೇ ಲೋಕಲ್, ಅದೇ ಸ್ಟೇಷನ್ ರಸ್ತೆ, ಅದೇ ಬಾರಿನೆದುರು ಇಳಿಯುತ್ತಾನೆ. ಎಂಡಿಯ ಪುಡಿಗೆ ಬಿದ್ದ ಹುಡುಗರದ್ದೂ ಇದೇ ಗತಿ. ಎಂಡಿ ಎಂದರೆ ಮೆಫೆಡ್ರೋನ್; ಅದು 2015ರಲ್ಲೇ ಮಾದಕವಸ್ತು ಕಾಯ್ದೆಯ ಪಟ್ಟಿ ಸೇರಿತು. ಪೊಲೀಸರು ಹಿಡಿದ ಗ್ರಾಮ್ ಲೆಕ್ಕ ಪತ್ರಿಕೆಯಲ್ಲಿ ಬರುತ್ತದೆ, ಬಿಡಲು ಹವಣಿಸಿ ಬಾಗಿಲು ಹುಡುಕಿದವರ ಲೆಕ್ಕ ಇಡುವವರಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆ, ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆ, ಕಲ್ವಾದ ಶಿವಾಜಿ ಆಸ್ಪತ್ರೆ, ವಾಶಿ, ನೆರೂಳ್, ಐರೋಲಿಯ ಪಾಲಿಕೆ ಆಸ್ಪತ್ರೆಗಳು, ಇವೆಲ್ಲದರಲ್ಲೂ ಸಂಜೆ ಆರರಿಂದ ಒಂಬತ್ತರವರೆಗೆ ಮಾನಸಿಕ ಮತ್ತು ವ್ಯಸನಮುಕ್ತಿ ಓಪಿಡಿ ನಡೆಯಲಿ, ಭಾನುವಾರವಂತೂ ಕಡ್ಡಾಯ. ಬಡಾವಣೆಗಳ ಸರ್ಕಾರಿ ಕ್ಲಿನಿಕ್‌ಗಳಾದ 'ಆಪ್ಲಾ ದವಾಖಾನಾ'ಗಳ ಡಾಕ್ಟರರಿಗೆ ಬಳ್ಳಾರಿಯಲ್ಲಿ ಕೊಟ್ಟಂಥ ತರಬೇತಿ ಕೊಡಲಿ. ಹೊಸ ಕಟ್ಟಡದ ಖರ್ಚಿನ ಒಂದು ಸಣ್ಣ ಪಾಲನ್ನು ತೆಗೆದಿಟ್ಟರೆ ಸಾಕು.

ಇದಕ್ಕೆ ಎದುರಾಗಿ ಹೇಳುವ ಮಾತುಗಳಲ್ಲಿ ಒಂದಕ್ಕೆ ತೂಕವಿದೆ. ಥಾಣೆಯ ಹಳೆಯ ವಾರ್ಡುಗಳು ಮನುಷ್ಯರು ಇರುವ ಹಾಗಿಲ್ಲ, ದಿಕ್ಕಿಲ್ಲದವರಿಗೆ, ತೀವ್ರ ಕಾಯಿಲೆಯವರಿಗೆ ಒಳ್ಳೆಯ ಆಸ್ಪತ್ರೆ ಬೇಕೇ ಬೇಕು ಎಂಬ ಮಾತು ಅದು. ಒಪ್ಪಿದೆ, ಕಟ್ಟಿ. ಎರಡನೆಯದು, ನಮ್ಮ ಸೊಸೈಟಿಯ ಪಕ್ಕದಲ್ಲಿ ಇಂಥ ಕ್ಲಿನಿಕ್ ಬೇಡ, ಹೆಣ್ಣುಮಕ್ಕಳು ಓಡಾಡುತ್ತಾರೆ ಎಂಬುದು. ನೆಲಮಹಡಿಯ ವೈನ್ ಶಾಪ್‌ಗೆ ತಕರಾರಿಲ್ಲದ ಸೊಸೈಟಿಗಳು ಕುಡಿತ ಬಿಡಿಸುವ ಕ್ಲಿನಿಕ್‌ಗೆ ಎನ್‌ಒಸಿ ಕೇಳುವುದನ್ನು ಕಂಡರೆ ನಗಬೇಕೋ ಅಳಬೇಕೋ ತಿಳಿಯದು.

ವೈನ್ ಶಾಪಿನ ಮಾತು ಬಂದಾಗ ನಮ್ಮವರ ಮಾತೂ ಬರಬೇಕು. ಮುಂಬಯಿಯಿಂದ ಕಲ್ಯಾಣದವರೆಗೆ ಪರ್ಮಿಟ್ ರೂಮುಗಳ ಗಲ್ಲಾದಲ್ಲಿ ಕೂತವರಲ್ಲಿ ತುಳು-ಕನ್ನಡಿಗರು ಎಷ್ಟು ಮಂದಿ ಎಂದು ಬಿಡಿಸಿ ಹೇಳಬೇಕಿಲ್ಲ. ಅದು ಕಾನೂನಿನ ಪ್ರಕಾರದ ವ್ಯಾಪಾರ. ಅದೇ ದುಡ್ಡಿನಲ್ಲಿ ಶಾಲೆ, ಸಂಘ, ದೇವಸ್ಥಾನಗಳೂ ಎದ್ದಿವೆ. ಆದರೆ ಆ ಬಾರಿನ ವೇಟರ್ ಕುಡಿತಕ್ಕೆ ಬಿದ್ದರೆ ನಾವು ಮಾಡುವುದೇನು? ಲೆಕ್ಕ ಚುಕ್ತಾ ಮಾಡಿ ಊರಿನ ಬಸ್ಸು ಹತ್ತಿಸುತ್ತೇವೆ. ಊರಿನಲ್ಲಿ ಅವನಮ್ಮ ಧರ್ಮಸ್ಥಳದ ಮದ್ಯವರ್ಜನ ಶಿಬಿರಕ್ಕೆ ಸೇರಿಸುತ್ತಾರೆ. ಎಂಟು ದಿನದ ಶಿಬಿರದಿಂದ ಅನೇಕರು ಬಿಟ್ಟಿದ್ದಾರೆ, ಅದನ್ನು ಹಗುರ ಮಾಡುವುದಿಲ್ಲ. ಶಿಬಿರದ ನಂತರ ಊರಲ್ಲಿ ನವಜೀವನ ಸಮಿತಿಗಳು ಕೂಡುತ್ತವೆ, ಬಿಟ್ಟವರು ಬಿಟ್ಟವರನ್ನು ಕಾಯುತ್ತಾರೆ. ಅವನು ಮತ್ತೆ ಡೊಂಬಿವಲಿಗೆ ಬಂದಾಗ ಕಾಯುವವರು ಯಾರೂ ಇಲ್ಲ.

ನಮ್ಮ ಸಂಘಗಳಿಗೆ ಸಭಾಗೃಹಗಳಿವೆ. ಯಕ್ಷಗಾನ, ಅರಸಿನ ಕುಂಕುಮ, ಪ್ರತಿಭಾ ಪುರಸ್ಕಾರಕ್ಕೆ ಅವು ತೆರೆಯುತ್ತವೆ. ರಕ್ತದಾನ, ಕಣ್ಣಿನ ತಪಾಸಣೆಯ ಶಿಬಿರವೂ ನಡೆಯುತ್ತದೆ. ಭಾನುವಾರ ಸಂಜೆ ಅದೇ ಹಾಲಿನ ಒಂದು ಕೋಣೆಯನ್ನು ಕುಡಿತ ಬಿಟ್ಟವರಿಗೂ, ಮಾತ್ರೆ ತಿನ್ನುತ್ತಿರುವವರಿಗೂ, ಅವರ ಮನೆಯವರಿಗೂ ಕೊಡಲು ಕಮಿಟಿಯ ಯಾವ ಠರಾವು ಅಡ್ಡ ಬರುತ್ತದೆ? ಮರಾಠಿಯಲ್ಲಿ ಲೆಕ್ಕ ಮಾಡಬಲ್ಲ ನಮ್ಮ ಹುಡುಗ, ತನಗೆ ರಾತ್ರಿ ಕೇಳಿಸುವ ದನಿಯ ಬಗ್ಗೆ ಹೇಳುವಾಗ ತುಳುವಿಗೋ ಕನ್ನಡಕ್ಕೋ ಹೊರಳುತ್ತಾನೆ, ಕೇಳುವವರು ಬೇಕು. ಟೆಲಿಮಾನಸ್ ಸಹಾಯವಾಣಿ 14416 ಇದೆ, 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ಅದರ ಸಂಖ್ಯೆಯನ್ನು ಸಂಘದ ಕ್ಯಾಲೆಂಡರಿನಲ್ಲಿ ಜಾಹೀರಾತುದಾರರ ಫೋಟೋಗಳ ನಡುವೆ ಅಚ್ಚು ಹಾಕಲು ಕಾಸೂ ಬೇಕಿಲ್ಲ. ಹೋಟೆಲ್ ಮಾಲಕರೂ ಒಂದು ಕೆಲಸ ಮಾಡಬಹುದು. ಓಪಿಡಿಗೆ ಹೋಗುವ ನೌಕರನಿಗೆ ತಿಂಗಳಿಗೆ ಎರಡು ಅರ್ಧ ದಿನ, ಪಗಾರ ಹಿಡಿಯದೆ, ಕೇಸ್ ಪೇಪರ್ ತೋರಿಸಿದರೆ ಸಾಕು ಎಂದು ಗಲ್ಲಾದ ಹಿಂದೆ ಬರೆದು ಹಾಕಲಿ. ಯಾವ ಸಂಘ, ಯಾವ ಹೋಟೆಲು ಮೊದಲು ಹಾಕುತ್ತದೆ ನೋಡೋಣ.