ಪತ್ರಿಕೋದ್ಯಮ ಕಲಿಸೋಕೆ ಡ್ರೋನ್ ಯಾಕ್ರೀ?

ಪತ್ರಿಕೋದ್ಯಮ ಶಿಕ್ಷಣವನ್ನು ಆಧುನಿಕಗೊಳಿಸಬೇಕು ಅಂತ ಯಾರಾದರೂ ಭಾಷಣ ಶುರು ಮಾಡಿದರೆ ನನಗೆ ಹೆದರಿಕೆ. ಹಿಂದೆಯೇ ಸ್ಟುಡಿಯೋ, ಹಸಿರು ಪರದೆ, ಡ್ರೋನು ಎಲ್ಲಾ ಬರುತ್ತವೆ. ನಮ್ಮ ಕೊಪ್ಪಳ ಜಿಲ್ಲೆಯ ಹುಡುಗನೊಬ್ಬ ಬಿ.ಎ.ಗೆ ಪತ್ರಿಕೋದ್ಯಮ ತಗೊಂಡ ಅಂತಿಟ್ಕೊಳ್ಳಿ. 1843ರ 'ಮಂಗಳೂರು ಸಮಾಚಾರ', ಸುದ್ದಿಯ ನಾಲ್ಕು ವ್ಯಾಖ್ಯಾನ... ಪರೀಕ್ಷೆ ಮುಗೀತು. ಕ್ಯಾಮೆರಾ ತಂದಿಟ್ಟರೆ ಉರು ಹೊಡೆದದ್ದನ್ನೇ ಅದರ ಮುಂದೆ ಒಪ್ಪಿಸ್ತಾನೆ, ಅಷ್ಟೇ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಯ್ತಲ್ಲ, ಟೀವಿಯವರಿಗೆ ನೀರು ಧುಮುಕೋ ದೃಶ್ಯ ಸಿಕ್ಕರೆ ಸಾಕಾಗಿತ್ತು. ಗಂಗಾವತಿಯ ಭತ್ತದ ರೈತನಿಗೆ ಬೇಕಿದ್ದದ್ದು ಬೇರೆ: ಎಷ್ಟು ಹೋಯ್ತು, ಎರಡನೇ ಬೆಳೆಗೆ ಎಷ್ಟು ಉಳಿಯುತ್ತೆ? 1 ಲಕ್ಷ ಕ್ಯೂಸೆಕ್ ನೀರು 24 ಗಂಟೆ ಹರಿದರೆ 8.64 ಟಿಎಂಸಿ. ಬರೀ ಗುಣಾಕಾರ ಸ್ವಾಮಿ ಇದು! 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದದ್ದನ್ನು ಪ್ರಶ್ನಿಸೋಕೂ ಇಂಥ ಲೆಕ್ಕ ಗೊತ್ತಿರಬೇಕು.

ಇನ್ನು ಅದೇ ಗಂಗಾವತಿ ತಾಲೂಕಿನ ಮರಕುಂಬಿ. 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ದೇಶವೇ ತಿರುಗಿ ನೋಡಿತು... ಎರಡು ದಿನ. ನಡುವಿನ ಹತ್ತು ವರ್ಷಗಳ ಕಾಗದಪತ್ರಕ್ಕಿಂತ ಒಳ್ಳೆ ಪಠ್ಯ ಇದೆಯಾ? ಎಫ್‌ಐಆರ್ ಓದೋದು ಹೇಗೆ, ಸಾಕ್ಷಿ ಯಾಕೆ ತಿರುಗಿ ಬೀಳ್ತಾನೆ, ಶಿಕ್ಷೆಯಾದ ಮೇಲೂ ಜಾಮೀನು ಹೇಗೆ ಸಿಗುತ್ತೆ. ಮರಕುಂಬಿಯ ಹುಡುಗನೇ ಕ್ಲಾಸಿನಲ್ಲಿ ಕೂತಿರಬಹುದು, ಅವನಿಗೂ ನಾಲ್ಕು ವ್ಯಾಖ್ಯಾನಗಳೇ ಗತಿ.

ಇದೇನು ಅಸಾಧ್ಯದ ಮಾತಲ್ಲ. ಪತ್ರಕರ್ತರನ್ನು ಜೈಲಿಗೆ ಹಾಕೋ ಸರ್ಕಾರಗಳಿರುವ ಅರಬ್ ನಾಡಿನಲ್ಲೇ, ಜೋರ್ಡಾನಿನ ಅಮ್ಮಾನ್‌ನಲ್ಲಿ, 2005ರಲ್ಲಿ ಆರಿಜ್ ಅನ್ನೋ ಸಂಸ್ಥೆ ಹುಟ್ಟಿ ತನಿಖಾ ವರದಿ ಕಲಿಸೋಕೆ ಕೂತಿತು. ಅವರ ಕೈಪಿಡಿಯ ದಾರಿ ಸರಳ: ಮೊದಲು ಒಂದು ಊಹೆ ಬರ್ಕೊ, ಆಮೇಲೆ ದಾಖಲೆ ಇಟ್ಟು ಅದು ನಿಲ್ಲುತ್ತಾ ನೋಡು. ನಾವು ಕೋಡು ಬರೆದು ಟೆಸ್ಟ್ ಮಾಡೋದೂ ಹೀಗೇ.

ತಾಲೂಕು ವರದಿಗಾರನಿಗೆ ಸಂಬಳಕ್ಕಿಂತ ಜಾಹೀರಾತಿನ ಟಾರ್ಗೆಟ್ಟೇ ದೊಡ್ಡದು, ಇದನ್ನೆಲ್ಲ ಕಲಿತು ಏನ್ಮಾಡ್ತಾನೆ ಅನ್ನೋರಿದ್ದಾರೆ. ಟಾರ್ಗೆಟ್ ಇರೋದು ನಿಜ. ಹಾಗಂತ ಲೆಕ್ಕ ಓದೋಕೆ ಬರದವನನ್ನೇ ಕಳಿಸಬೇಕಾ? ಕುಷ್ಟಗಿ, ಯಲಬುರ್ಗಾದ ಹಳ್ಳಿಗಳ ನರೇಗಾ ಲೆಕ್ಕ ಜಾಲತಾಣದಲ್ಲೇ ಬಿದ್ದಿದೆ. ಅಲ್ಲಿ ಸಿಗದ್ದಕ್ಕೆ ಮಾಹಿತಿ ಹಕ್ಕಿನ ಅರ್ಜಿ, ಶುಲ್ಕ 10 ರೂಪಾಯಿ. ಒಂದು ಡ್ರೋನಿನ ದುಡ್ಡಿಗೆ ಎಷ್ಟು ಅರ್ಜಿ ಹಾಕಬಹುದು, ನೀವೇ ಹೇಳಿ.