ಹನ್ನೆರಡನೆಯವನ ಲೆಕ್ಕ

ಐಟಿಯಲ್ಲಿ ಕೆಲಸ ಮಾಡುವವರಿಗೆ ‘ಬೆಂಚ್’ ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಪ್ರಾಜೆಕ್ಟ್ ಮುಗಿದಿದೆ, ಇನ್ನೊಂದು ಸಿಕ್ಕಿಲ್ಲ. ಸಂಬಳ ಬರುತ್ತಿದೆ, ಕೆಲಸವಿಲ್ಲ. ಮೊದಲ ವಾರ ಹಾಯೆನಿಸುತ್ತದೆ. ಮೂರನೇ ವಾರದ ಹೊತ್ತಿಗೆ ಕ್ಯಾಂಟೀನಿನಲ್ಲಿ ಮ್ಯಾನೇಜರ್ ಎದುರಾದರೆ ಚಹಾದ ಲೋಟ ಹಿಡಿದುಕೊಂಡು ಬೇರೆ ದಾರಿ ಹುಡುಕುವಂತಾಗುತ್ತದೆ. ‘ನಿನ್ನಲ್ಲಿ ಏನೋ ಕೊರತೆಯಿದೆ’ ಎಂದು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ. ಆದರೂ ನಮಗೆ ನಾವೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿರುತ್ತೇವೆ.

ಈ ಮಾತು ನಮ್ಮ ಕಚೇರಿಗಳಿಗೆ ಬಂದದ್ದು ಆಟದ ಅಂಗಳದಿಂದ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಬೆಂಚ್ ಎಂದರೆ ನಿಜವಾಗಿಯೂ ಬೆಂಚೇ. ಅಮೆರಿಕದ ಎನ್‌ಬಿಎ ಪಂದ್ಯ 48 ನಿಮಿಷದ್ದು, ಅಂಗಳದಲ್ಲಿ ಐವರು. ಅಂದರೆ ಕೋಚ್‌ನ ಕೈಯಲ್ಲಿ ಹಂಚಲು 240 ನಿಮಿಷಗಳಿರುತ್ತವೆ. ಲೀಗ್ ಹಂತದಲ್ಲಿ ಒಂಬತ್ತು ಹತ್ತು ಜನರಿಗೆ ಹಂಚುತ್ತಾರೆ. ಪ್ಲೇಆಫ್ ಬಂತೆಂದರೆ ಅದು ಎಂಟಕ್ಕೆ, ಕೆಲವೊಮ್ಮೆ ಏಳಕ್ಕೆ ಇಳಿಯುತ್ತದೆ. ಪಂದ್ಯಗಳ ನಡುವೆ ಬಿಡುವು ಸಿಗುವುದರಿಂದ ಮುಖ್ಯ ಆಟಗಾರರು ಹೆಚ್ಚು ಹೊತ್ತು ಆಡಬಲ್ಲರು. ಅದಕ್ಕಿಂತ ದೊಡ್ಡ ಕಾರಣ, ಒಂದೇ ಎದುರಾಳಿಯ ಜೊತೆ ಏಳು ಪಂದ್ಯಗಳವರೆಗೂ ಆಡಬೇಕಾಗಬಹುದು. ನಿಮ್ಮ ತಂಡದಲ್ಲಿ ರಕ್ಷಣೆಯಲ್ಲಿ ಸಡಿಲವಾದವನು ಒಬ್ಬನಿದ್ದರೆ ಎರಡನೇ ಪಂದ್ಯದೊಳಗೆ ಅವರು ಅವನನ್ನು ಹುಡುಕಿ, ಪ್ರತಿ ಸಲವೂ ಅವನ ಮೇಲೇ ನುಗ್ಗುತ್ತಾರೆ. ಆಗ ಆರು ತಿಂಗಳು ದುಡಿದವನು ಟವೆಲ್ ಹೊದ್ದು ಕೂರಬೇಕಾಗುತ್ತದೆ.

ತಿರುಗುಮುರುಗಾಗುವುದೂ ಉಂಟು. 2015ರ ಫೈನಲ್‌ನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ 1-2ರಿಂದ ಹಿಂದಿದ್ದಾಗ ಕೋಚ್ ಸ್ಟೀವ್ ಕೆರ್ ಏಳಡಿ ಎತ್ತರದ ಆಂಡ್ರ್ಯೂ ಬೋಗಟ್‌ನನ್ನು ಕೂರಿಸಿ ಆಂಡ್ರೆ ಇಗ್ವಾಡಾಲಾನನ್ನು ಮೊದಲ ಐವರಲ್ಲಿ ಇಳಿಸಿದರು. ಹತ್ತು ವರ್ಷ ಲೀಗ್‌ನಲ್ಲಿ ಆಡಿದ ಪ್ರತಿ ಪಂದ್ಯವನ್ನೂ ಮೊದಲ ಐವರಲ್ಲೊಬ್ಬನಾಗಿ ಆರಂಭಿಸಿದ್ದ ಇಗ್ವಾಡಾಲಾ, ಆ ವರ್ಷ ಲೀಗ್ ಹಂತದ ಒಂದು ಪಂದ್ಯವನ್ನೂ ಹಾಗೆ ಆರಂಭಿಸಿರಲಿಲ್ಲ. ತಂಡ ಮುಂದಿನ ಮೂರೂ ಪಂದ್ಯ ಗೆದ್ದಿತು. ಫೈನಲ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಇಗ್ವಾಡಾಲಾಗೆ ಬಂತು. ಈ ಉಪಾಯ ಹೊಳೆದದ್ದು ಕೆರ್‌ಗಲ್ಲ, ಹಳೆಯ ಫೈನಲ್‌ಗಳ ವಿಡಿಯೊ ನೋಡುತ್ತಿದ್ದ ನಿಕ್ ಯೂರೆನ್ ಎಂಬ ಸಹಾಯಕನಿಗೆ. ಕೆರ್ ಅದನ್ನು ಮುಚ್ಚಿಡಲಿಲ್ಲ. (ನಮ್ಮಲ್ಲಿ ಎಷ್ಟು ಮ್ಯಾನೇಜರುಗಳು ಹಾಗೆ ಹೇಳಿಯಾರು, ನೀವೇ ಲೆಕ್ಕ ಹಾಕಿ.)

ಇಷ್ಟಾದರೂ ಬ್ಯಾಸ್ಕೆಟ್‌ಬಾಲ್ ಕೋಚ್‌ನ ಕಷ್ಟ ನನಗೆ ಹಗುರವೆನಿಸುತ್ತದೆ. ತಪ್ಪಾಯಿತೆಂದರೆ ಎರಡೇ ನಿಮಿಷದಲ್ಲಿ ಬದಲಿಸಬಹುದು. ನಾನಿರುವ ನಾಗಪುರದಲ್ಲಿ ವರ್ಧಾ ರಸ್ತೆಯ ಜಾಮ್ಠಾ ಕ್ರೀಡಾಂಗಣದಲ್ಲಿ ನಡೆಯುವ ರಣಜಿ ನಾಕೌಟ್‌ಗೆ ಆ ಸೌಕರ್ಯವಿಲ್ಲ. ಟಾಸ್‌ಗೆ ಮುಂಚೆ ಹನ್ನೊಂದು ಹೆಸರು ಬರೆದುಕೊಟ್ಟರೆ ಮುಗಿಯಿತು, ಐದು ದಿನ ಅದೇ ತಂಡ. ಉಳಿದವರು ನೀರು ಹೊರಬೇಕು, ಗ್ಲೋವ್ಸ್ ತಂದುಕೊಡಬೇಕು, ಯಾರಿಗಾದರೂ ಪೆಟ್ಟಾದರೆ ಫೀಲ್ಡಿಂಗಿಗೆ ಇಳಿಯಬೇಕು. ಹಣದ ಲೆಕ್ಕವೂ ಇದೆ. ಬಿಸಿಸಿಐ 2021ರಲ್ಲಿ ಪ್ರಕಟಿಸಿದ ದರದಂತೆ 40ಕ್ಕಿಂತ ಹೆಚ್ಚು ಪಂದ್ಯ ಆಡಿದವರಿಗೆ ದಿನಕ್ಕೆ 60,000 ರೂಪಾಯಿ, ಹೊಸಬರಿಗೆ 40,000. ಹನ್ನೊಂದರಲ್ಲಿ ಇಲ್ಲದವರಿಗೆ ಅದರ ಅರ್ಧ. ಅರ್ಧ ಸಂಬಳದ ಬೆಂಚ್!

ಕನ್ನಡಿಗರಿಗೆ ವಿದರ್ಭದ ಹೆಸರು ಕೇಳಿದರೆ ನೆನಪಾಗುವುದು 2017ರ ಡಿಸೆಂಬರ್. ಕ್ವಾರ್ಟರ್ ಫೈನಲ್‌ನಲ್ಲಿ ಇದೇ ನಾಗಪುರದಲ್ಲಿ ವಿನಯ್ ಕುಮಾರ್ ಹ್ಯಾಟ್ರಿಕ್ ಪಡೆದು ಮುಂಬೈಯನ್ನು 173ಕ್ಕೆ ಕೆಡವಿದರು, ನಾವು ಇನಿಂಗ್ಸ್ ಮತ್ತು 20 ರನ್‌ಗಳಿಂದ ಗೆದ್ದೆವು. ಮುಂದೆ ಕೋಲ್ಕತ್ತಾದ ಸೆಮಿಫೈನಲ್‌ನಲ್ಲಿ ವಿದರ್ಭದ ಎದುರು 198 ರನ್ ಬೇಕಿತ್ತು, 192ಕ್ಕೆ ಮುಗಿದೆವು. ರಜನೀಶ್ ಗುರ್ಬಾನಿಗೆ ಆ ಇನಿಂಗ್ಸಿನಲ್ಲಿ ಏಳು ವಿಕೆಟ್. ನಮ್ಮನ್ನು ಸೋಲಿಸುವಲ್ಲಿ ಇನ್ನೊಬ್ಬರ ಪಾಲೂ ಇತ್ತು: ಎರಡನೇ ಇನಿಂಗ್ಸಿನಲ್ಲಿ 81 ರನ್ ಹೊಡೆದ ಗಣೇಶ್ ಸತೀಶ್. ನಮ್ಮ ದಾವಣಗೆರೆಯವರು, ಹಿಂದೆ ಕರ್ನಾಟಕದ ನಾಯಕರಾಗಿದ್ದವರು.

ಆ ವರ್ಷದ ಫೈನಲ್‌ಗೆ ಉಮೇಶ್ ಯಾದವ್ ಸಿಗಲಿಲ್ಲ. ಕೋಚ್ ಚಂದ್ರಕಾಂತ್ ಪಂಡಿತ್ ಅವರ ತಂಡ ಆ ಜಾಗಕ್ಕೆ ಆದಿತ್ಯ ಠಾಕರೆ ಎಂಬ ಹತ್ತೊಂಬತ್ತರ ಹುಡುಗನನ್ನು ಇಳಿಸಿತು. ಅದು ಅವನ ಮೊದಲ ಪ್ರಥಮ ದರ್ಜೆ ಪಂದ್ಯ. ಮೊದಲ ಪಂದ್ಯವೇ ರಣಜಿ ಫೈನಲ್! ದೆಹಲಿಯನ್ನು ಸೋಲಿಸಿ ವಿದರ್ಭ ಮೊದಲ ಬಾರಿಗೆ ಕಪ್ ಎತ್ತಿತು. ಇದರಲ್ಲಿ ನನಗೆ ಮುಖ್ಯವೆನಿಸುವುದು ಹುಡುಗನ ಧೈರ್ಯಕ್ಕಿಂತ ತಂಡದ ನಡವಳಿಕೆ. ಬೆಂಚಿನಲ್ಲಿರುವವನನ್ನು ಆಡಿಸುವುದಿದ್ದರೆ ಹೀಗೆ, ನಿನ್ನಿಂದ ಆಗುತ್ತದೆ ಎಂದು ನಂಬಿ ಆಡಿಸಬೇಕು.

ಇನ್ನು ಕರುಣ್ ನಾಯರ್ ವಿಚಾರ. ಬೆಂಚಿನ ಬಗ್ಗೆ ಯಾರಾದರೂ ಪುಸ್ತಕ ಬರೆದರೆ ಅರ್ಧ ಇವರದೇ ಕಥೆಯಾದೀತು. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303. ಮುಂದಿನ ಟೆಸ್ಟ್‌ಗೆ ರಹಾನೆ ಗುಣಮುಖರಾಗಿ ಬಂದರು, ಕರುಣ್ ಹೊರಗೆ. 2018ರಲ್ಲಿ ಇಂಗ್ಲೆಂಡ್ ಪ್ರವಾಸದುದ್ದಕ್ಕೂ ತಂಡದೊಂದಿಗಿದ್ದರು. ಕೊನೆಯ ಟೆಸ್ಟ್‌ಗೆ ಜಾಗ ಖಾಲಿಯಾದಾಗ ಆಡಿದ್ದು, ಸರಣಿಯ ನಡುವೆ ತಂಡ ಸೇರಿಕೊಂಡ ಹನುಮ ವಿಹಾರಿ. ವಿಹಾರಿ ಚೆನ್ನಾಗಿಯೇ ಆಡಿದರು, ಆ ಮಾತು ಬೇರೆ. ಆದರೆ ಎರಡು ತಿಂಗಳು ನೀರು ಹೊತ್ತವನಿಗೆ ಅದು ಏನು ಹೇಳಿತು? ‘ನೀನು ಸಾಲಿನಲ್ಲಿ ಮುಂದಿನವನಲ್ಲ, ಸುಮ್ಮನೆ ಜೊತೆಗಿದ್ದವನು’ ಎಂದು. ಸೋಲಿಗಿಂತ ಇದು ಹೆಚ್ಚು ಕೊರೆಯುತ್ತದೆ. ಕೈಬಿಡುವುದು ತಪ್ಪಲ್ಲ, ಕೋಚ್‌ಗಳ ಕೆಲಸವೇ ಅದು. ಸಾಲು ಹೇಗೆ ಸಾಗುತ್ತದೆಂದು ತಿಳಿಸದೆ ನಿಲ್ಲಿಸಿಕೊಳ್ಳುವುದು ತಪ್ಪು.

2022ರಲ್ಲಿ ಕರ್ನಾಟಕ ತಂಡದಲ್ಲೂ ಜಾಗ ಹೋಯಿತು. ಕ್ರಿಕೆಟ್ಟನ್ನೇ ಉದ್ದೇಶಿಸಿ ಇನ್ನೊಂದು ಅವಕಾಶ ಕೇಳಿ ಅವರು ಟ್ವೀಟ್ ಮಾಡಿದ್ದು ಆಗಲೇ. ಆ ಅವಕಾಶ ಕೊಟ್ಟದ್ದು ನಾಗಪುರ. 2024ರ ಫೆಬ್ರುವರಿಯಲ್ಲಿ ಜಾಮ್ಠಾದಲ್ಲಿ ವಿದರ್ಭ–ಕರ್ನಾಟಕ ಕ್ವಾರ್ಟರ್ ಫೈನಲ್. ನಮ್ಮ ಕನ್ನಡದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆ ವಾರ ಪೂರ್ತಿ ಒಂದೇ ಜಗಳ, ಕರುಣ್ ಹೊಡೆದರೆ ಚಪ್ಪಾಳೆ ತಟ್ಟಬೇಕೋ ಬೇಡವೋ! ಅವರು 90 ಹೊಡೆದರು, ಕರ್ನಾಟಕ 127 ರನ್‌ಗಳಿಂದ ಸೋತಿತು. ನಾನು ತಟ್ಟುವವರ ಪಕ್ಷ.

ಮರುವರ್ಷ ಫೈನಲ್ಲೇ ಜಾಮ್ಠಾಕ್ಕೆ ಬಂತು, ಎದುರಾಳಿ ಕೇರಳ. ತಂಡ ಹೊಂದಿಸುವುದರಲ್ಲಿ ವಿದರ್ಭದವರು ಅಲ್ಲೊಂದು ವಿಚಿತ್ರ ಮಾಡಿದರು. ಸೆಮಿಫೈನಲ್‌ನಲ್ಲಿ ಒಂದೇ ಓವರ್‌ನಲ್ಲಿ ರಹಾನೆ, ಸೂರ್ಯಕುಮಾರ್, ಶಿವಂ ದುಬೆ ಮೂವರನ್ನೂ ಕಳಿಸಿದ್ದ ಎಡಗೈ ಸ್ಪಿನ್ನರ್ ಪಾರ್ಥ್ ರೇಖಡೆಯನ್ನು ಇನಿಂಗ್ಸ್ ಆರಂಭಿಸಲು ಕಳಿಸಿದರು. ಮೂರನೆಯವರಾಗಿ ವೇಗಿ ದರ್ಶನ್ ನಳಕಂಡೆ. ಹೊಸ ಚೆಂಡು, ಬೆಳಗಿನ ಪಿಚ್‌ನಿಂದ ಒಳ್ಳೆಯ ಬ್ಯಾಟರ್‌ಗಳನ್ನು ಉಳಿಸಿಕೊಳ್ಳುವ ಲೆಕ್ಕವಿದ್ದಿರಬೇಕು. 24ಕ್ಕೆ ಮೂರು ವಿಕೆಟ್ ಬಿದ್ದವು. ಕೆರ್ ಆಗಿದ್ದರೆ ಟೈಮ್‌ಔಟ್ ಕರೆಯುತ್ತಿದ್ದರು. ಇಲ್ಲಿ ಕರೆಯುವಂತಿಲ್ಲ. ಮೊದಲ ಋತುವಿನ ಹುಡುಗ ದಾನಿಶ್ ಮಾಲೇವಾರ್ ಮತ್ತು ಕರುಣ್ ಸೇರಿ 215 ರನ್ ಕೂಡಿಸಿದರು. ಹುಡುಗ 153, ಕರುಣ್ 86ಕ್ಕೆ ರನೌಟ್. ಬ್ಯಾಟಿಂಗ್‌ನಲ್ಲಿ ವಿಫಲರಾದ ರೇಖಡೆ, ನಳಕಂಡೆ ಇಬ್ಬರೂ ಚೆಂಡು ಹಿಡಿದು ತಲಾ ಮೂರು ವಿಕೆಟ್ ತೆಗೆದರು. ಹಾಗಾದರೆ ಉಪಾಯ ಸರಿಯೋ ತಪ್ಪೋ? 37 ರನ್‌ಗಳ ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಕಪ್ ಬಂದಿದ್ದರಿಂದ ಯಾರೂ ಕೇಳಲಿಲ್ಲ.

ಕೇರಳದ ಪರ ಅಲ್ಲಿ 79 ರನ್ ಹೊಡೆದು ಕಾಡಿದವರು ಆದಿತ್ಯ ಸರವಟೆ. 2019ರ ಫೈನಲ್‌ನಲ್ಲಿ ಇದೇ ಅಂಗಳದಲ್ಲಿ 11 ವಿಕೆಟ್ ಪಡೆದು ವಿದರ್ಭಕ್ಕೆ ಕಪ್ ಗೆಲ್ಲಿಸಿಕೊಟ್ಟವರು! ಬೆಂಗಳೂರಿನ ಹುಡುಗ ನಾಗಪುರಕ್ಕೆ, ನಾಗಪುರದ ಹುಡುಗ ಕೇರಳಕ್ಕೆ. ಊರು ಬಿಟ್ಟು ಬಂದ ನಮಗೆ ಇದರಲ್ಲಿ ಅಚ್ಚರಿಪಡುವಂಥದ್ದೇನಿಲ್ಲ.

ಎರಡನೇ ಇನಿಂಗ್ಸಿನಲ್ಲಿ ಕರುಣ್ 135. ನೂರು ದಾಟಿದಾಗ ಹೆಲ್ಮೆಟ್ ತೆಗೆದು ಪೆವಿಲಿಯನ್ ಕಡೆ ಒಂಬತ್ತು ಬೆರಳು ತೋರಿಸಿದರು, ಆ ಋತುವಿನ ಒಂಬತ್ತನೇ ಶತಕ. ಅದೇ ಬೇಸಿಗೆಯಲ್ಲಿ ಎಂಟು ವರ್ಷಗಳ ನಂತರ ಭಾರತ ತಂಡಕ್ಕೆ ಮರಳಿದರು. ಮ್ಯಾಂಚೆಸ್ಟರ್‌ನಲ್ಲಿ ಕೈಬಿಟ್ಟರು, ಓವಲ್‌ನಲ್ಲಿ ಮತ್ತೆ ಕರೆದರು, 57 ಹೊಡೆದರು, ಮುಂದಿನ ಸರಣಿಗೆ ಮತ್ತೆ ಇಲ್ಲ. ಈಗ ಕರ್ನಾಟಕಕ್ಕೆ ವಾಪಸಾಗಿದ್ದಾರೆ. ಜಾಮ್ಠಾದಲ್ಲಿ ಮುಂದೆ ಯಾವಾಗಲಾದರೂ ಕರ್ನಾಟಕ–ವಿದರ್ಭ ನಾಕೌಟ್ ಬಿದ್ದರೆ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಜಗಳವಿರುವುದಿಲ್ಲ. ಅಕ್ಕಪಕ್ಕದಲ್ಲಿ ಕೂತ ನಾಗಪುರದವರಿಗೆ ಆ ಪೇಚಾಟ.