ತೂಕದ ಯಂತ್ರಕ್ಕೆ ಹೊಟ್ಟೆ ಕಾಣುವುದಿಲ್ಲ

2004ರ ಜನವರಿಯಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಫೋಟೊ ಅಚ್ಚಾಯಿತು. ಅದರಲ್ಲಿ ಅಕ್ಕಪಕ್ಕ ನಿಂತಿದ್ದವರು ಇಬ್ಬರು ವೈದ್ಯರು: ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್. ಎತ್ತರಕ್ಕೆ ಹೋಲಿಸಿ ತೂಕ ನೋಡುವ ಲೆಕ್ಕವಾದ ಬಿಎಂಐ ಇಬ್ಬರದ್ದೂ 22.3. ಯಾವ ಪಟ್ಟಿ ಹಿಡಿದು ನೋಡಿದರೂ ಇಬ್ಬರೂ ‘ನಾರ್ಮಲ್’. ಆದರೆ ಕೊಬ್ಬನ್ನು ಬೇರೆಯಾಗಿ ಅಳೆಯುವ ಎಕ್ಸ್‌ರೇ ಸ್ಕ್ಯಾನ್ ಮಾಡಿದಾಗ ಯುಡ್ಕಿನ್ ಮೈಯಲ್ಲಿ ಸಿಕ್ಕಿದ್ದು ಶೇ 9.1ರಷ್ಟು ಕೊಬ್ಬು, ಯಾಜ್ಞಿಕ್ ಮೈಯಲ್ಲಿ ಶೇ 21.2. ಯುಡ್ಕಿನ್ ಮ್ಯಾರಥಾನ್ ಓಡುವವರು. ಯಾಜ್ಞಿಕರ ದೊಡ್ಡ ವ್ಯಾಯಾಮವೆಂದರೆ ದಿನಾ ಬೆಳಿಗ್ಗೆ ಆಸ್ಪತ್ರೆಯ ಲಿಫ್ಟಿನ ಬಾಗಿಲು ಮುಚ್ಚುವುದರೊಳಗೆ ಓಡಿ ಒಳಸೇರುವುದು ಎಂದು ಅವರೇ ಅಲ್ಲಿ ಬರೆದಿದ್ದರು. ಜೊತೆಗೆ ಇನ್ನೊಂದು ಮಾತೂ ಇತ್ತು: ಯಾಜ್ಞಿಕ್ ಹುಟ್ಟಿದಾಗ ಅವರ ತೂಕ ಕಡಿಮೆಯಿತ್ತು.

ಆ ಫೋಟೊ ನಮ್ಮ ಪ್ರತಿ ಮನೆಯ ಫೋಟೊ ಎಂದೇ ನನಗನ್ನಿಸುತ್ತದೆ. ಸಣ್ಣ ಕೈಕಾಲು, ಇಳಿದ ಭುಜ, ಮುಂದೆ ಮಾತ್ರ ಪುಟ್ಟದೊಂದು ಹೊಟ್ಟೆ. ಇಂಥವರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದಾಗ ಮನೆಯವರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಇಷ್ಟು ಸಣ್ಣಗಿದ್ದಾರಲ್ಲ, ಇವರಿಗೆ ಹೇಗೆ ಶುಗರ್ ಬಂತು?’

ಬಿಎಂಐ ಬಗ್ಗೆ ಅಮೆರಿಕ, ಯುರೋಪಿನಲ್ಲಿ ಹೆಚ್ಚಾಗಿ ಕೇಳಿಬರುವ ದೂರು ಬೇರೆ. ಗಟ್ಟಿ ಮಾಂಸಖಂಡದ ಕ್ರೀಡಾಪಟುವನ್ನೂ ಅದು ಬೊಜ್ಜಿನವರ ಸಾಲಿಗೆ ಸೇರಿಸುತ್ತದೆ ಎಂಬುದು. ಆ ದೂರು ನಿಜವೇ. ಆದರೆ ನಮ್ಮಲ್ಲಿ ಅಂಥ ಮೈಯವರು ಎಷ್ಟು ಮಂದಿ? ನಮ್ಮಲ್ಲಿ ಬಿಎಂಐ ಮಾಡುತ್ತಿರುವ ಅನಾಹುತ ಇದಕ್ಕೆ ತದ್ವಿರುದ್ಧ. ಅಪಾಯದಲ್ಲಿರುವವರಿಗೆ ‘ನಿಮಗೇನೂ ಇಲ್ಲ’ ಎಂದು ಹೇಳಿ ಮನೆಗೆ ಕಳಿಸುತ್ತಿದೆ.

ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಈ ಲೆಕ್ಕ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ. 1830ರ ದಶಕದಲ್ಲಿ ಇದನ್ನು ಕಂಡುಕೊಂಡ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಖಗೋಳ ವಿಜ್ಞಾನಿ, ಸಂಖ್ಯಾಶಾಸ್ತ್ರಜ್ಞ. ಅವರು ಹುಡುಕುತ್ತಿದ್ದದ್ದು ‘ಸರಾಸರಿ ಮನುಷ್ಯ’ನನ್ನು. ಯಾರಿಗೆ ಕಾಯಿಲೆ ಬರುತ್ತದೆ ಎಂಬುದು ಅವರ ಪ್ರಶ್ನೆಯೇ ಆಗಿರಲಿಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಹಲವು ದೇಶಗಳ ಸಾವಿರಾರು ಗಂಡಸರ ಅಳತೆಗಳನ್ನು ಮುಂದಿಟ್ಟುಕೊಂಡು ಆ ಸೂತ್ರಕ್ಕೆ ಬಿಎಂಐ ಎಂದು ಹೆಸರಿಟ್ಟರು. ಆ ಅಧ್ಯಯನದಲ್ಲಿ ಹೆಂಗಸರಿರಲಿಲ್ಲ. ಇದು ಪೂರ್ತಿ ತೃಪ್ತಿಕರ ಅಳತೆ ಎಂದು ಕೀಸ್ ಕೂಡ ಹೇಳಲಿಲ್ಲ. ತೂಕ-ಎತ್ತರದ ಬೇರೆ ಸೂತ್ರಗಳಿಗೆ ಹೋಲಿಸಿದರೆ ಇದೇನೂ ಕಡಿಮೆಯಲ್ಲ ಎಂದರು, ಅಷ್ಟೇ. ಅಷ್ಟು ಎಚ್ಚರದಿಂದ ಆಡಿದ ಮಾತು ಆಮೇಲೆ ಜಗತ್ತಿನ ಪ್ರತಿ ಕ್ಲಿನಿಕ್ಕಿನ ಗೋಡೆಯ ಮೇಲೆ ಬಣ್ಣಬಣ್ಣದ ಪಟ್ಟಿಯಾಗಿ ಕೂತುಬಿಟ್ಟಿತು.

ನಮ್ಮ ಮೈ ಹೀಗೇಕೆ ಎಂಬುದಕ್ಕೆ ಉತ್ತರದ ಒಂದು ಪಾಲು ಸಿಕ್ಕಿದ್ದು ಮೈಸೂರಿನಲ್ಲಿ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಅಂದರೆ ಮೈಸೂರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟಿತ್ತು. ಯಾವ ಸಂಶೋಧನೆಗೂ ಅಲ್ಲ, ಹೆರಿಗೆ ವಾರ್ಡಿನ ಶಿಸ್ತಿಗಾಗಿ. ತೊಂಬತ್ತರ ದಶಕದಲ್ಲಿ ಆಸ್ಪತ್ರೆಯ ವೈದ್ಯರೂ ಇಂಗ್ಲೆಂಡಿನ ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ತಂಡದವರೂ ಸೇರಿ ಆ ಹಳೆಯ ಪುಸ್ತಕಗಳನ್ನು ಬಿಚ್ಚಿ, ಅವುಗಳಲ್ಲಿದ್ದ ಕೂಸುಗಳು ನಡುವಯಸ್ಸಿನವರಾಗಿ ಎಲ್ಲಿದ್ದಾರೆ ಎಂದು ಹುಡುಕಿದರು. ಹುಟ್ಟಿದಾಗ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚಿತ್ತು. ಉದ್ದ ಕಡಿಮೆಯಿದ್ದು ಗುಂಡುಗುಂಡಾಗಿ ಹುಟ್ಟಿದವರಲ್ಲಿ ಮಧುಮೇಹ ಹೆಚ್ಚಿತ್ತು. ಮುಂದೆ ಅದೇ ಆಸ್ಪತ್ರೆಯ ನವಜಾತ ಶಿಶುಗಳನ್ನು ಅಳೆದಾಗ ಕಂಡದ್ದು ಇನ್ನೂ ವಿಚಿತ್ರ. ಬ್ರಿಟನ್ನಿನ ಕೂಸುಗಳಿಗಿಂತ ಮೈಸೂರಿನ ಕೂಸುಗಳ ತೂಕ ಎಷ್ಟೋ ಕಡಿಮೆ, ಆದರೆ ಬೆನ್ನಿನ ಮೇಲಿನ ಚರ್ಮವನ್ನು ಚಿವುಟಿ ಹಿಡಿದು ಅಳೆದರೆ ಕೊಬ್ಬಿನ ದಪ್ಪ ಹೆಚ್ಚೂಕಡಿಮೆ ಅಷ್ಟೇ. ತಾಯಿಯ ಹೊಟ್ಟೆಯಲ್ಲಿ ಪೋಷಣೆ ಸಾಲದೇ ಹೋದಾಗ ಮಾಂಸಖಂಡ ಸೊರಗುತ್ತದೆ, ಕೊಬ್ಬು ಮಾತ್ರ ಉಳಿದುಕೊಳ್ಳುತ್ತದೆ. ಯಾಜ್ಞಿಕರ ತಂಡ ಪುಣೆಯ ಸುತ್ತಲ ಹಳ್ಳಿಗಳಲ್ಲಿ ಕಂಡದ್ದೂ ಇದನ್ನೇ. ತಲೆಮಾರುಗಳ ಅರೆಹೊಟ್ಟೆ ಕೂಸಿನ ಮೈಯಲ್ಲೇ ಗುರುತು ಬಿಟ್ಟಿರುತ್ತದೆ. ಇದನ್ನು ಓದಿದ ಮೇಲೆ ಯಾರ ಹೊಟ್ಟೆಯನ್ನೂ ಸೋಮಾರಿತನದ ಗುರುತೆಂದು ಆಡಿಕೊಳ್ಳಲು ನನಗೆ ಮನಸ್ಸಾಗುವುದಿಲ್ಲ.

ತೂಕದ ಯಂತ್ರ ಹತ್ತಿದಾಗ ಮೂಳೆ, ಮಾಂಸ, ನೀರು, ಕೊಬ್ಬು ಎಲ್ಲ ಸೇರಿ ಒಂದೇ ಅಂಕಿ ಬರುತ್ತದೆ. ಕೊಬ್ಬು ಎಲ್ಲಿ ಕೂತಿದೆ ಎಂಬುದು ಆ ಅಂಕಿಯಲ್ಲಿಲ್ಲ. ತೊಡೆಯ, ಪೃಷ್ಠದ ಚರ್ಮದಡಿಯ ಕೊಬ್ಬು ಅಷ್ಟೊಂದು ಕಾಡುವುದಿಲ್ಲ. ಹೊಟ್ಟೆಯೊಳಗೆ ಕರುಳು, ಯಕೃತ್ತಿನ ಸುತ್ತ ಸೇರುವ ಕೊಬ್ಬು ಇನ್ಸುಲಿನ್ನಿನ ಕೆಲಸ ಕೆಡಿಸುತ್ತದೆ. ಐವತ್ತು ದಾಟಿದವರ ಪಾಡು ಇನ್ನೂ ಕಷ್ಟ: ಮಾಂಸ ಕರಗಿ ಅದರ ಜಾಗಕ್ಕೆ ಕೊಬ್ಬು ಬಂದರೂ ತೂಕ ಅಷ್ಟೇ ಇರುತ್ತದೆ. ‘ಮದುವೆಯಾದಾಗ ಎಷ್ಟಿದ್ದೆನೋ ಈಗಲೂ ಅಷ್ಟೇ ಇದ್ದೇನೆ’ ಎಂದು ನೆಮ್ಮದಿಯಿಂದ ಹೇಳುವವರ ಒಳಗೆ ಏನು ಬದಲಾಗಿದೆ ಎಂದು ಯಂತ್ರ ಹೇಳಲಾರದು.

ಬಿಎಂಐ ಗಡಿಯ ಗೊಂದಲವೂ ಇದೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ 25 ದಾಟಿದರೆ ಹೆಚ್ಚು ತೂಕ, 30ಕ್ಕೆ ಬೊಜ್ಜು. ಭಾರತದ ತಜ್ಞರು 2009ರಲ್ಲೇ ನಮಗೆ 23 ಮತ್ತು 25 ಸಾಕು ಎಂದರು. ಐದಡಿ ಐದಂಗುಲದ, 66 ಕೆ.ಜಿ. ತೂಗುವವರ ಬಿಎಂಐ ಸುಮಾರು 24.2. ನಮ್ಮ ಗಡಿಯ ಪ್ರಕಾರ ಅವರು ಈಗಾಗಲೇ ಎಚ್ಚರ ವಹಿಸಬೇಕಾದವರು. ಅಂತರರಾಷ್ಟ್ರೀಯ ಗಡಿಯನ್ನೇ ನೆಚ್ಚಿಕೊಂಡ ಮೊಬೈಲ್ ಆ್ಯಪ್ ಅವರಿಗೆ ಎಲ್ಲ ಸರಿಯಿದೆ ಎನ್ನುತ್ತದೆ.

ಹಾಗಾದರೆ ಏನನ್ನು ನಂಬಬೇಕು? ಟೇಪನ್ನು. ಆದರೆ ಪ್ಯಾಂಟಿನ ಸೈಜನ್ನಲ್ಲ. ಟೈಲರ್ ಅಂಗಡಿಯಲ್ಲಿ ಒಮ್ಮೆ ನಿಂತು ನೋಡಿ. ನಡುವಯಸ್ಸಿನ ಗಿರಾಕಿಯ ಸೊಂಟಕ್ಕೆ ಟೇಪು ಸುತ್ತುವ ಮುಂಚೆ ‘ಸಾರ್, ಪ್ಯಾಂಟ್ ಎಲ್ಲಿ ಕಟ್ಕೋತೀರಾ?’ ಎಂದು ಟೈಲರ್ ಕೇಳುತ್ತಾನೆ. ಗಿರಾಕಿ ಹೊಟ್ಟೆಯ ಕೆಳಗೆ ಬೆರಳಿಡುತ್ತಾರೆ. ಹೊಟ್ಟೆ ಬೆಳೆದಂತೆಲ್ಲ ಬೆಲ್ಟು ಕೆಳಗಿಳಿಯುತ್ತದೆ, ಸೈಜು ಮಾತ್ರ 34ರಲ್ಲೇ ನಿಲ್ಲುತ್ತದೆ. ಆರೋಗ್ಯಕ್ಕೆ ಬೇಕಾದ ಅಳತೆ ಅದಕ್ಕಿಂತ ಮೇಲೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ. ಉಸಿರನ್ನು ಸಹಜವಾಗಿ ಬಿಟ್ಟು, ಹೊಟ್ಟೆ ಒಳಗೆಳೆದುಕೊಳ್ಳದೆ ಅಳೆಯಬೇಕು. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ನಮ್ಮ ದೇಶದ ಗಡಿ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2022ರಲ್ಲಿ ಇನ್ನೂ ಸುಲಭದ ಲೆಕ್ಕ ಕೊಟ್ಟಿತು: ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆಯಿರಲಿ.

ಯಾವ ಅಳತೆಗೋಲು ಹಿಡಿಯುತ್ತೇವೆ ಎಂಬುದರ ಮೇಲೆ ದೇಶದ ಚಿತ್ರವೇ ಬದಲಾಗುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯಲ್ಲಿ, ನಮ್ಮ ತಜ್ಞರ ಕೆಳಗಿನ ಗಡಿಯನ್ನೇ ಹಿಡಿದರೂ, ಬಿಎಂಐ ಪ್ರಕಾರ ಬೊಜ್ಜಿರುವವರು ಶೇ 28.6. ಹೊಟ್ಟೆ ಅಳೆದರೆ ಶೇ 39.5. ಅದೇ ಸಮೀಕ್ಷೆ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ ಎಂದಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019-21ರಲ್ಲಿ ಮೊದಲ ಬಾರಿಗೆ ಸೊಂಟ ಅಳೆದಾಗ ಸುಮಾರು ಶೇ 40ರಷ್ಟು ಹೆಂಗಸರ ಅಳತೆ ಗಡಿ ಮೀರಿತ್ತು. ಮನೆಮಂದಿಯನ್ನೆಲ್ಲ ಆಸ್ಪತ್ರೆಗೆ ಕರೆದೊಯ್ದು ತಮ್ಮ ರಕ್ತ ಪರೀಕ್ಷೆಯನ್ನು ಮುಂದೂಡುತ್ತಲೇ ಬಂದ ಅಮ್ಮಂದಿರು ಆ ಅಂಕಿಯೊಳಗಿದ್ದಾರೆ. ನನಗೆ ಹೆಚ್ಚು ಸಂಕಟವಾಗುವುದು ಅವರನ್ನು ನೆನೆದು.

ಬಿಎಂಐಯನ್ನು ಎಸೆದುಬಿಡಿ ಎನ್ನುತ್ತಿಲ್ಲ. ಒಂದು ತಾಲ್ಲೂಕಿನಲ್ಲಿ 18.5ಕ್ಕಿಂತ ಕೆಳಗಿರುವ ಕೂಲಿಕಾರರು ಎಷ್ಟಿದ್ದಾರೆ, ಅವರಿಗೆ ಊಟ ಸಾಲುತ್ತಿದೆಯೇ ಎಂದು ತಿಳಿಯಲು ಅದು ಅಗ್ಗದ, ಒಳ್ಳೆಯ ಸಾಧನ. ಒಬ್ಬ ವ್ಯಕ್ತಿಯ ತೀರ್ಪಿಗೆ ಅದೊಂದೇ ಸಾಲದು. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಬಳಗದ ತಜ್ಞರ ಆಯೋಗವೂ ಇದನ್ನೇ ಹೇಳಿದೆ.

ಸೋಜಿಗವೆಂದರೆ ಹಳ್ಳಿಯ ಆಶಾ ಕಾರ್ಯಕರ್ತೆಗೆ ಇದು ಗೊತ್ತಿದೆ. ಮೂವತ್ತು ದಾಟಿದವರ ಮನೆಗೆ ಹೋಗಿ ಆಕೆ ತುಂಬುವ ಸರ್ಕಾರಿ ನಮೂನೆಯಲ್ಲಿ ಬೀಡಿ-ಸಿಗರೇಟಿನ ಪ್ರಶ್ನೆ ಇದೆ, ಮದ್ಯದ ಪ್ರಶ್ನೆ ಇದೆ, ಮನೆಯಲ್ಲಿ ಯಾರಿಗಾದರೂ ಶುಗರ್, ಬಿಪಿ ಇದೆಯೇ ಎಂಬುದಿದೆ. ಅದರ ಜೊತೆಗೇ ಸೊಂಟದ ಸುತ್ತಳತೆಗೂ ಒಂದು ಸಾಲು ಇದೆ, ಹೆಂಗಸರಿಗೂ ಗಂಡಸರಿಗೂ ಬೇರೆಬೇರೆ ಅಂಕ. ಬಿಎಂಐ ಅಲ್ಲಿ ಕೇಳುವುದಿಲ್ಲ. ತೂಕ, ಎತ್ತರ ಬರೆದು ಬಿಎಂಐ ಮುದ್ರಿಸಿದ ಚೀಟಿ ಕೊಟ್ಟು ಮುಗಿಸುವ ಹೆಲ್ತ್ ಕ್ಯಾಂಪುಗಳು ನಮ್ಮ ಕಚೇರಿಗಳಲ್ಲಿ ನಡೆಯುತ್ತಲೇ ಇವೆ. ನಿಮ್ಮ ಕಚೇರಿಯಲ್ಲಿ ಮುಂದಿನ ಕ್ಯಾಂಪ್ ನಡೆದಾಗ ಸೊಂಟವನ್ನೂ ಅಳೆಯಿರಿ ಎಂದು ಕೇಳಿ. ಅಳತೆ ಗಡಿ ದಾಟಿದ್ದರೆ, ಚೀಟಿಯಲ್ಲಿ ‘ನಾರ್ಮಲ್’ ಎಂದಿದ್ದರೂ, ಅದೇ ವಾರ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಸಕ್ಕರೆ ಪರೀಕ್ಷೆ ಮಾಡಿಸಿ. ಮನೆಯ ಹೆಂಗಸರನ್ನೂ ಜೊತೆಗೆ ಕರೆದೊಯ್ಯಿರಿ.